ಹೊಟ್ಟೆಯ ಗುರ್ ಸದ್ದು ಯಾರ ಮಾತು ಕೇಳುತ್ತದೆ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಪಾಠದಲ್ಲಿ ಐಚ್ಛಿಕ ಸ್ನಾಯು, ಅನೈಚ್ಛಿಕ ಸ್ನಾಯು ಅಂತ ಬಂದಿದೆ. "ಅಮ್ಮಾ, ಉಸಿರು ತಾನಾಗೇ ನಡೆಯುತ್ತೆ, ಬೇಕು ಅಂದ್ರೆ ಬಿಗಿ ಹಿಡಿಯಲೂಬಹುದು. ಹಾಗಾದ್ರೆ ಅದು ಯಾವ ಗುಂಪು?" ಎಂದು ಕೇಳಿದಳು. ನನಗೆ ಹೇಳಲು ಬರಲಿಲ್ಲ. ಹೃದಯಕ್ಕೆ ಯಾಕೆ ಸುಸ್ತಾಗುವುದಿಲ್ಲ ಅನ್ನುವುದು ಅವಳ ಇನ್ನೊಂದು ಪ್ರಶ್ನೆ. ನಮ್ಮ ಮಾವನವರು, ಯೋಗಿಗಳು ಹೃದಯವನ್ನೇ ನಿಲ್ಲಿಸುತ್ತಿದ್ದರು, ಎಲ್ಲವೂ ಮನಸ್ಸಿನ ಹಿಡಿತದಲ್ಲಿದೆ ಅನ್ನುತ್ತಾರೆ. ನನ್ನದು ಚಿಕ್ಕ ಕಷ್ಟ. ಆಫೀಸಿನ ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಿರುವಾಗಲೇ ನನ್ನ ಹೊಟ್ಟೆ ಗುರ್ ಅನ್ನುತ್ತದೆ. ಅದನ್ನಾದರೂ ನಿಲ್ಲಿಸಬಹುದಾ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮಗಳು ಕೇಳಿದ ಉಸಿರಿನ ಪ್ರಶ್ನೆ ಇದೆಯಲ್ಲ, ಅದೇ ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ಮೆಡಿಕಲ್ ಕಾಲೇಜಿನ ಮೊದಲ ವರ್ಷದ ಹುಡುಗರಿಗೆ ಬಹಳ ಕಾಲ ಪಾಠ ಮಾಡಿದ್ದೇನೆ. ಅವರಲ್ಲೂ ಸುಮಾರು ಜನ ಅಲ್ಲೇ ಎಡವುತ್ತಿದ್ದರು. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಮೊದಲು ಹೃದಯ.

ನಾವು ಓದುವ ಕಾಲಕ್ಕೆ ಲ್ಯಾಬಿನಲ್ಲಿ ಕಪ್ಪೆಯ ಹೃದಯದ ಪ್ರಯೋಗ ಇರುತ್ತಿತ್ತು. ಹೊಗೆಯ ಮಸಿ ಹಿಡಿಸಿದ ಕಾಗದವನ್ನು ಡ್ರಮ್ಮಿಗೆ ಸುತ್ತುವುದು, ಹೃದಯಕ್ಕೊಂದು ದಾರ ಕಟ್ಟಿ ಕಡ್ಡಿಗೆ ಸಿಕ್ಕಿಸುವುದು. ಹೃದಯ ಬಡಿದಂತೆಲ್ಲ ಕಡ್ಡಿ ಮಸಿಯ ಮೇಲೆ ಬಿಳಿ ಗೆರೆ ಗೀಚುತ್ತಿತ್ತು. ಈಗ ಇದನ್ನೆಲ್ಲ ಕಂಪ್ಯೂಟರಿನಲ್ಲಿ ತೋರಿಸುತ್ತಾರೆ, ಕಪ್ಪೆಗಳು ಬಚಾವಾದವು. ನನಗೆ ಮರೆಯದೆ ಉಳಿದದ್ದು ಆ ಗೆರೆಯಲ್ಲ. ದೇಹದಿಂದ ಬಿಡಿಸಿ ಉಪ್ಪುನೀರಿನ ಬಟ್ಟಲಲ್ಲಿ ಇಟ್ಟ ಹೃದಯ, ನಾವು ಊಟ ಮುಗಿಸಿ ಬಂದರೂ ಬಡಿಯುತ್ತಲೇ ಇತ್ತು. ಮಿದುಳಿಲ್ಲ, ನರವಿಲ್ಲ, ರಕ್ತವೂ ಇಲ್ಲ. ಯಾರ ಅಪ್ಪಣೆ ಅದಕ್ಕೆ?

ಅಪ್ಪಣೆ ಅದರೊಳಗೇ ಹುಟ್ಟುತ್ತದೆ. ಹೃದಯದ ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಪುಟ್ಟ ಗುಂಪು ಜೀವಕೋಶಗಳಿವೆ. 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಅವರ ಜೊತೆಗಿದ್ದ ವಿದ್ಯಾರ್ಥಿ ಮಾರ್ಟಿನ್ ಫ್ಲಾಕ್ ಈ ಜಾಗವನ್ನು ಗುರುತಿಸಿದರು. ಈ ಕೋಶಗಳಿಗೆ ಸುಮ್ನೆ ಕೂತು ಗೊತ್ತಿಲ್ಲ. ಒಂದು ಬಡಿತ ಮುಗಿಯಿತೋ ಇಲ್ಲವೋ, ಸೋಡಿಯಂ, ಕ್ಯಾಲ್ಸಿಯಂ ಕಣಗಳು ಅವುಗಳೊಳಗೆ ನಿಧಾನವಾಗಿ ಜಿನುಗತೊಡಗುತ್ತವೆ. ತೊಟ್ಟಿಕ್ಕುವ ನಲ್ಲಿಯ ಕೆಳಗಿಟ್ಟ ಲೋಟ ತುಂಬಿ ತುಳುಕಿದ ಹಾಗೆ, ಒಂದು ಮಟ್ಟ ದಾಟಿದ ಕೂಡಲೇ ಮುಂದಿನ ಕಿಡಿ ಹಾರುತ್ತದೆ. ಆ ಕಿಡಿ ಇಡೀ ಹೃದಯಕ್ಕೆ ಹರಡುತ್ತದೆ. ಹಾಗೇ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಆದರೆ ನಮ್ಮ ನಾಡಿ ಕೂತಿರುವಾಗ 70ರ ಆಸುಪಾಸಿನಲ್ಲಿ ಇರುತ್ತದೆ, ಅಲ್ವಾ? ಮಿದುಳಿನ ಬುಡದಿಂದ ಇಳಿದು ಬರುವ ವೇಗಸ್ ಎಂಬ ನರ ಹಗಲೂ ರಾತ್ರಿ ಲಗಾಮು ಎಳೆದು ಹಿಡಿದಿರುತ್ತದೆ, ಅದಕ್ಕೆ.

ಬೆಂಗಳೂರಿನಲ್ಲಿ ಜೀರೋ ಟ್ರಾಫಿಕ್ ಮಾಡಿ ಆಂಬುಲೆನ್ಸಿನಲ್ಲಿ ಹೃದಯ ಸಾಗಿಸುವುದನ್ನು ಟೀವಿಯಲ್ಲಿ ನೋಡಿರುತ್ತೀರಿ. ಕಸಿ ಮಾಡುವಾಗ ರಕ್ತನಾಳಗಳನ್ನು ಹೊಲಿಯುತ್ತಾರೆ, ನರಗಳನ್ನು ಹೊಲಿಯಲು ಆಗುವುದಿಲ್ಲ. ಆದರೂ ಹೃದಯ ಹೊಸ ಮನೆಯಲ್ಲಿ ಬಡಿಯುತ್ತದೆ. ಲಗಾಮು ಕಡಿದಿರುವುದರಿಂದ ಸ್ವಲ್ಪ ಜೋರಾಗಿಯೇ ಬಡಿಯುತ್ತದೆ, ನಿಮಿಷಕ್ಕೆ 90ರಿಂದ 110.

ಸುಸ್ತಿನ ಲೆಕ್ಕವನ್ನು ಮಗಳಿಂದಲೇ ಮಾಡಿಸಿ. ನಿಮಿಷಕ್ಕೆ 75 ಬಡಿತ ಎಂದಿಟ್ಟುಕೊಂಡರೆ ಒಂದೊಂದಕ್ಕೆ 0.8 ಸೆಕೆಂಡು. ಅದರಲ್ಲಿ ಹೃದಯದ ಕೆಳಕೋಣೆಗಳು ಹಿಂಡುವುದು ಸುಮಾರು 0.3 ಸೆಕೆಂಡು ಮಾತ್ರ. ಉಳಿದ 0.5 ಸೆಕೆಂಡು ಸಡಿಲವಾಗಿ ರಕ್ತ ತುಂಬಿಕೊಳ್ಳುವ ಹೊತ್ತು. ದಿನದ ಲೆಕ್ಕ ಹಾಕಿದರೆ ಸುಮಾರು 15 ಗಂಟೆ ಬಿಡುವು! ದಿನಕ್ಕೆ ಲಕ್ಷ ಸಲ ದುಡಿಯುತ್ತದೆ, ಆದರೆ ಪ್ರತಿ ದುಡಿತದ ಬೆನ್ನಿಗೇ ಚೂರು ವಿಶ್ರಾಂತಿ ಕಟ್ಟಿಕೊಂಡಿರುತ್ತದೆ. ತೋಳಿನ ಸ್ನಾಯುವನ್ನು ಬಿಗಿಯಾಗಿ ಹಿಡಿದೇ ಇರಬಹುದು, ಹೃದಯದ ಸ್ನಾಯುವನ್ನು ಹಾಗೆ ಹಿಡಿಯಲು ಬರುವುದಿಲ್ಲ. ಒಂದು ಕಿಡಿ ಹಾರಿದ ಮೇಲೆ ಸಡಿಲವಾಗುವ ತನಕ ಇನ್ನೊಂದು ಕಿಡಿಗೆ ಅದು ಕಿವುಡು. ಜೊತೆಗೆ ಅದರ ಕೋಶಗಳ ಮೂರರಲ್ಲೊಂದು ಭಾಗ ಮೈಟೊಕಾಂಡ್ರಿಯಾಗಳೇ, ಅಂದರೆ ಶಕ್ತಿ ಬೇಯಿಸುವ ಒಲೆಗಳು. ಆಮ್ಲಜನಕ ಸಿಗುವ ತನಕ ಒಲೆ ಆರುವುದಿಲ್ಲ. ರಕ್ತನಾಳ ಕಟ್ಟಿಕೊಂಡರೆ ನಿಮಿಷಗಳಲ್ಲೇ ಕಷ್ಟ ಶುರುವಾಗುವುದೂ ಇದೇ ಕಾರಣಕ್ಕೆ.

ಆ ಬಟ್ಟಲಿನ ಉಪ್ಪುನೀರಿಗೂ ಒಂದು ಕಥೆ ಇದೆ. 1882ರ ಹೊತ್ತಿಗೆ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಬಡಿಸುತ್ತಿದ್ದರು. ಚೆನ್ನಾಗಿಯೇ ಬಡಿಯುತ್ತಿತ್ತು. ಆಮೇಲೆ ಗೊತ್ತಾಯಿತು, ಉಪ್ಪು ಕರಗಿಸಿದ್ದು ಬಟ್ಟಿ ಇಳಿಸಿದ ಶುದ್ಧ ನೀರಿನಲ್ಲಲ್ಲ, ಊರಿನ ನಲ್ಲಿ ನೀರಿನಲ್ಲಿ. ಶುದ್ಧ ನೀರು ಬಳಸಿದರೆ ಹೃದಯ ಸೊರಗಿ ನಿಲ್ಲುತ್ತಿತ್ತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅಷ್ಟು ದಿನ ಹೃದಯವನ್ನು ಕಾಪಾಡಿತ್ತು. ಗಡಸು ನೀರನ್ನು ಬೈಯುವ ನಮಗೆ ಈ ಮಾತು ರುಚಿಸುವುದಿಲ್ಲ, ಇರಲಿ. ಮೂಳೆಗೆ ಮಾತ್ರ ಬೇಕು ಎಂದುಕೊಂಡಿದ್ದ ಕ್ಯಾಲ್ಸಿಯಂ ಹೃದಯವನ್ನು ಹಿಂಡಲಿಕ್ಕೂ ಬೇಕು ಎಂದು ಹೀಗೆ ಗೊತ್ತಾಯಿತು. ಈ ಕ್ಯಾಲ್ಸಿಯಂ ನಿಮ್ಮ ಮಾವನವರ ತನಕ ಬರಲಿದೆ, ನೆನಪಿಟ್ಟುಕೊಳ್ಳಿ.

ಹೃದಯ ಬಿಟ್ಟರೆ ಉಳಿದ ಅನೈಚ್ಛಿಕ ಸ್ನಾಯುಗಳೆಲ್ಲ ಬೇರೆ ಜಾತಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತೋಳಿನ ಸ್ನಾಯುವಿನ ಹಾಗೆ ಅಡ್ಡ ಪಟ್ಟೆಗಳಿಲ್ಲ, ನುಣುಪಾಗಿ ಕಾಣುತ್ತವೆ. ಒಂದೊಂದು ಕೋಶವೂ ನೂಲುವ ಕದಿರಿನ ಹಾಗೆ ನಡುವೆ ದಪ್ಪ, ಎರಡು ತುದಿ ಚೂಪು. ಕರುಳಿನ ಗೋಡೆ, ಉಸಿರ್ನಾಳದ ಸುತ್ತ, ಮೂತ್ರಕೋಶ, ಗರ್ಭಕೋಶ, ರಕ್ತನಾಳ, ಕಣ್ಣಿನ ಪಾಪೆ, ಎಲ್ಲ ಕಡೆ ಇವೆ. ಚರ್ಮದ ಒಂದೊಂದು ಕೂದಲಿನ ಬುಡದಲ್ಲೂ ಎಳೆಯಷ್ಟು ಸ್ನಾಯು ಇದೆ. ಚಳಿಗೋ ಹೆದರಿಕೆಗೋ ಅದು ಎಳೆದಾಗ ಕೂದಲು ನಿಮಿರುತ್ತದೆ. ಮೈ ನವಿರೇಳುವುದು ಅಂತೀವಲ್ಲ, ನವಿರು ಅಂದರೆ ಹಳೆಗನ್ನಡದಲ್ಲಿ ಕೂದಲೇ. ನಮ್ಮ ಹಿರಿಯರು ಸರಿಯಾಗಿಯೇ ನೋಡಿದ್ದರು.

ಈ ನುಣುಪು ಸ್ನಾಯು ಅವಸರದ್ದಲ್ಲ. ಕೈ ಸ್ನಾಯು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುವ ಕೆಲಸಕ್ಕೆ ಇದಕ್ಕೆ ಒಂದೆರಡು ಸೆಕೆಂಡಾದರೂ ಬೇಕು. ಆದರೆ ಹಿಡಿದರೆ ಹಿಡಿತ ಬಿಡುವುದಿಲ್ಲ. ಅಷ್ಟೇ ಬಿಗಿ ಹಿಡಿದಿರಲು ಕೈ ಸ್ನಾಯು ಸುಡುವ ಶಕ್ತಿಯ 10ರಲ್ಲಿ 1 ಪಾಲು ಸಾಕು, ಕೆಲವು ಕಡೆ 300ರಲ್ಲಿ 1 ಪಾಲು. ಗಾಳಿಗೆ ಹೊಡೆದುಕೊಳ್ಳುವ ಬಾಗಿಲನ್ನು ಕೈಯಲ್ಲೇ ಒತ್ತಿ ಹಿಡಿದರೆ ತೋಳು ಸೋಲುತ್ತದೆ. ಚಿಲಕ ಹಾಕಿದರೆ? ನುಣುಪು ಸ್ನಾಯುವಿನ ಒಳಗೆ ಎಳೆಗೆ ಎಳೆ ಕೊಂಡಿ ಹಾಕಿಕೊಂಡು, ಬಿಡಿಸಿಕೊಳ್ಳಲು ಅವಸರ ಮಾಡದೆ ನಿಲ್ಲುತ್ತದೆ. ಹುಟ್ಟಿದಾಗಿನಿಂದ ನಮ್ಮ ರಕ್ತನಾಳಗಳು ಬಿಗಿಯಾಗಿಯೇ ಇದ್ದರೂ ಅವಕ್ಕೆ ಮೀನಖಂಡದ ಹಾಗೆ ನೋವು ಬರದಿರುವುದು ಇದರಿಂದ. ಗರ್ಭಕೋಶ ಇನ್ನೂ ಒಂದು ಹೆಜ್ಜೆ ಮುಂದೆ. ಸುಮಾರು 70 ಗ್ರಾಂ ಇದ್ದದ್ದು ತುಂಬು ಬಸುರಿನಲ್ಲಿ ಒಂದು ಕಿಲೋ ಹತ್ತಿರ ಬೆಳೆಯುತ್ತದೆ, ಹೆರಿಗೆಯಲ್ಲಿ ಗಂಟೆಗಟ್ಟಲೆ ನೂಕುತ್ತದೆ.

ರಕ್ತನಾಳದ ಮಾತು ಬಂತು. ಹಳೇ ಮೈಸೂರು ಕಡೆಯ ಕೆರೆ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದ, ನಿಮಗೆ ಗೊತ್ತಿರಬಹುದು. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅನ್ನುವುದು ಅವನ ಕೈಯಲ್ಲಿ. ಗದ್ದೆ ನಿಮ್ಮದೇ ಆಗಿದ್ದರೂ ತೂಬು ಮುಟ್ಟುವ ಹಾಗಿಲ್ಲ. ದೇಹದಲ್ಲೂ ಅಷ್ಟೇ. ನಮ್ಮಲ್ಲಿರುವುದು 5 ಲೀಟರ್ ರಕ್ತ. ಎಲ್ಲ ಅಂಗಗಳಿಗೂ ಏಕಕಾಲಕ್ಕೆ ಧಾರಾಳವಾಗಿ ಹರಿಸುವಷ್ಟಿಲ್ಲ. ಸಣ್ಣ ರಕ್ತನಾಳಗಳ ಸುತ್ತಲಿನ ಸ್ನಾಯುಗಳೇ ತೂಬುಗಳು. ಊಟವಾದ ಮೇಲೆ ಕರುಳಿನ ಕಡೆ ತೆರೆಯುತ್ತವೆ, ಬಸ್ಸು ಹಿಡಿಯಲು ಓಡಿದರೆ ಕಾಲಿನ ಕಡೆ. ನಾಳದ ಅಗಲ ಅರ್ಧಕ್ಕೆ ಇಳಿದರೆ ಹರಿವು 16ರಲ್ಲಿ 1 ಪಾಲಿಗೆ ಇಳಿಯುತ್ತದೆ, ಹಾಗಾಗಿ ಚೂರು ಬಿಗಿದರೂ ಸಾಕು. ಹಾಸಿಗೆಯಿಂದ ತಟ್ಟನೆ ಎದ್ದು ನಿಂತಾಗ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಕೆಳಗೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ಒತ್ತಡದ ಕಾವಲುಗಾರರು ಕೂಡಲೇ ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಅಲ್ಲಿಂದ ಕಾಲಿನ ತೂಬು ಬಿಗಿಯಲು ಆಜ್ಞೆ ಹೋಗುತ್ತದೆ. ನೀರುಗಂಟಿ ಒಂದು ಕ್ಷಣ ತಡ ಮಾಡಿದರೆ ಕಣ್ಣು ಕತ್ತಲೆ.

ಈಗ ಮಾವನವರ ಕ್ಯಾಲ್ಸಿಯಂ. ಅವರ ವಯಸ್ಸಿನವರಲ್ಲಿ ಬಹಳ ಜನ ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ನುಂಗುತ್ತಾರೆ. ಅದು ಮಾಡುವುದು ಇಷ್ಟೇ: ರಕ್ತನಾಳದ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬರುವ ಕಿಂಡಿಯನ್ನು ಅರೆ ಮುಚ್ಚುತ್ತದೆ. ಬಿಗಿ ಸಡಿಲವಾಗುತ್ತದೆ, ಒತ್ತಡ ಇಳಿಯುತ್ತದೆ. ಹಾಗಾದರೆ ಕೈಕಾಲೂ ಸಡಿಲವಾಗಬೇಕಲ್ಲ? ಆಗುವುದಿಲ್ಲ. ಕೈಕಾಲಿನ ಸ್ನಾಯು ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಒಳಗೇ ಚೀಲ ಕಟ್ಟಿ ಇಟ್ಟುಕೊಂಡಿರುತ್ತದೆ, ಹೊರಗಿನದಕ್ಕೆ ಕಾಯುವುದಿಲ್ಲ. ಕೆಲವರಿಗೆ ಈ ಮಾತ್ರೆಯಿಂದ ಪಾದ ಊದುತ್ತದೆ, ಅದೂ ತೂಬು ಜಾಸ್ತಿ ತೆರೆದದ್ದರ ಫಲವೇ. ಹಾಗೇನಾದರೂ ಆದರೆ ಡಾಕ್ಟರಿಗೆ ಹೇಳಿ, ತಾವಾಗಿ ನಿಲ್ಲಿಸುವುದು ಬೇಡ.

ನೀರುಗಂಟಿಯ ಆಜ್ಞೆ ತಲುಪುವುದು ಹೇಗೆ? ಇದನ್ನು ತೋರಿಸಿದ್ದೂ ಕಪ್ಪೆಯ ಹೃದಯವೇ. ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿದ್ದ ಓಟೋ ಲೋವಿ ರಾತ್ರಿ ಕನಸಿನಲ್ಲಿ ಒಂದು ಪ್ರಯೋಗ ಕಂಡರಂತೆ. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಅರ್ಥವಾಗಲಿಲ್ಲ! ಮಾರನೆಯ ರಾತ್ರಿ ಅದೇ ಕನಸು ಮತ್ತೆ ಬಂತು. ಈ ಸಲ ನೇರ ಲ್ಯಾಬಿಗೇ ಹೋದರು. ಒಂದು ಹೃದಯದ ವೇಗಸ್ ನರ ಕೆಣಕಿದರು, ಬಡಿತ ನಿಧಾನವಾಯಿತು. ಆ ಹೃದಯವನ್ನು ತೊಳೆದ ನೀರನ್ನು ಇನ್ನೊಂದು ಹೃದಯದ ಮೇಲೆ ಬಿಟ್ಟರು. ನರವೇ ಇಲ್ಲದ ಅದೂ ನಿಧಾನವಾಯಿತು. ಅಂದರೆ ನರದ ತುದಿಯಿಂದ ಏನೋ ರಸ ಒಸರಿದೆ. 1921ರಲ್ಲಿ ಇದು ಪ್ರಕಟವಾಯಿತು, 1936ರಲ್ಲಿ ನೊಬೆಲ್ ಬಂತು. ಆ ರಸದ ಹೆಸರು ಅಸಿಟೈಲ್‌ಕೋಲಿನ್.

ಇದೇ ರಸ ಪಾಪೆಯನ್ನು ಕುಗ್ಗಿಸುತ್ತದೆ, ಕರುಳನ್ನು ಚುರುಕು ಮಾಡುತ್ತದೆ, ಮೂತ್ರಕೋಶವನ್ನು ಹಿಂಡುತ್ತದೆ. ಇದನ್ನು ತಡೆದರೆ ಎಲ್ಲ ಕಡೆ ತಿರುಗಾಮುರುಗಾ. ಬೇಲಿಯ ಉಮ್ಮತ್ತಿ ಕಾಯಿ ಅರಿಯದೆ ತಿಂದ ಮಕ್ಕಳಿಗೆ ಪಾಪೆ ಅಗಲವಾಗಿ, ಬಾಯಿ ಒಣಗಿ, ಎದೆ ಡವಗುಟ್ಟಿ, ಮೂತ್ರ ಕಟ್ಟುವುದು ಈ ತಡೆಯಿಂದಲೇ. ಅದು ಘೋರ ವಿಷ, ಅಂಥದ್ದು ಕಂಡರೆ ಆಸ್ಪತ್ರೆಗೆ ಓಡಬೇಕು. ಕಣ್ಣಿನ ಡಾಕ್ಟರು ಪಾಪೆ ದೊಡ್ಡದು ಮಾಡಲು ಹಾಕುವ ಹನಿ, ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್ ಮಾತ್ರೆ, ಎರಡೂ ಇದೇ ಕೆಲಸವನ್ನು ಅಳತೆಯಲ್ಲಿ ಮಾಡುತ್ತವೆ. ನುಲಿತದ ಮಾತ್ರೆ ನುಂಗಿದ ಮೇಲೆ ಬಾಯಿ ಒಣಗುತ್ತದಲ್ಲ, ಯಾಕೆ ಅಂತ ಈಗ ಗೊತ್ತಾಯಿತು.

ಇನ್ನು ಉಸಿರು. ಎದೆ ಮತ್ತು ಹೊಟ್ಟೆಯ ನಡುವೆ ಇರುವ ವಪೆ ಪಟ್ಟೆಯುಳ್ಳ ಸ್ನಾಯು. ತೋಳಿನ ಸ್ನಾಯುವಿನ ಜಾತಿಯೇ. ಪಕ್ಕೆಲುಬಿನ ನಡುವಿನವೂ ಹಾಗೇ. ಮಗಳಿಗೆ ಹೇಳಿ: ಸ್ನಾಯು ಐಚ್ಛಿಕದ್ದು, ಕೆಲಸ ಮಾತ್ರ ಬಹುತೇಕ ಅನೈಚ್ಛಿಕ. ಇವು ಎರಡು ಬೇರೆ ಬೇರೆ ಮಾತು. ಪಾಠದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲ. ಬಿಕ್ಕಳಿಕೆ, ಚಳಿಗೆ ನಡುಗುವುದು, ಕಣ್ಣಿಗೆ ಏನಾದರೂ ಬಂದಾಗ ರೆಪ್ಪೆ ಮುಚ್ಚುವುದು, ಇವೆಲ್ಲ ನಮ್ಮನ್ನು ಕೇಳದೆ ಆಗುತ್ತವೆ, ಆದರೆ ಮಾಡುವ ಸ್ನಾಯು ಐಚ್ಛಿಕದ್ದೇ.

ಹೃದಯಕ್ಕೂ ವಪೆಗೂ ದೊಡ್ಡ ವ್ಯತ್ಯಾಸ ಇದೆ. ವಪೆಗೆ ತನ್ನದೇ ತಾಳ ಇಲ್ಲ. ನರ ಕತ್ತರಿಸಿದರೆ ಅಲ್ಲೇ ನಿಂತುಬಿಡುತ್ತದೆ. ತಾಳ ಹುಟ್ಟುವುದು ಮಿದುಳಿನ ಬುಡದಲ್ಲಿ. ಅದೇ ನರದ ದಾರಿಯಲ್ಲಿ ಮೇಲಿನ ಮಿದುಳೂ, ಅಂದರೆ ನೀವೂ, ಆಜ್ಞೆ ಕಳಿಸಬಹುದು. ಒಂದು ಬಂಡಿಗೆ ಇಬ್ಬರು ಗಾಡಿಯವರು. ಉಸಿರು ಬಿಗಿ ಹಿಡಿದಾಗ ಹಗ್ಗ ನಿಮ್ಮ ಕೈಗೆ ಬರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ ಹೋದ ಹಾಗೆ ಕೆಳಗಿನ ಗಾಡಿಯವನು ಹಗ್ಗ ಕಿತ್ತುಕೊಳ್ಳುತ್ತಾನೆ. ಉಸಿರು ಹಿಡಿದೇ ಸಾಯಲು ಯಾರಿಗೂ ಆಗುವುದಿಲ್ಲ. ಬಹಳ ಅಪರೂಪಕ್ಕೆ ಕೆಲವು ಮಕ್ಕಳು ಈ ಕೆಳಗಿನ ಗಾಡಿಯವನು ಸರಿಯಿಲ್ಲದೆಯೇ ಹುಟ್ಟುತ್ತಾರೆ. ಎಚ್ಚರವಿದ್ದಾಗ ಉಸಿರಾಡುತ್ತಾರೆ, ನಿದ್ದೆ ಹತ್ತಿದರೆ ಉಸಿರು ಸಾಕಾಗುವುದಿಲ್ಲ. ರಾತ್ರಿಯೆಲ್ಲ ಯಂತ್ರವೇ ಉಸಿರಾಡಿಸಬೇಕು.

ಹೃದಯ ನಿಲ್ಲಿಸುವ ಯೋಗಿಗಳ ಮಾತಿಗೂ ಇಲ್ಲಿಂದಲೇ ದಾರಿ. ಇದನ್ನು ಸುಮ್ಮನೆ ನಕ್ಕು ತಳ್ಳಿಹಾಕಿಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ವೆಂಗರ್ ಮತ್ತು ಬಾಗ್ಚಿ, ದೆಹಲಿಯ ಏಮ್ಸ್‌ನ ಆನಂದ್ ಸೇರಿ ಭಾರತದಲ್ಲೇ ನಡೆಸಿದ ಪ್ರಯೋಗ 1961ರಲ್ಲಿ ಪ್ರಕಟವಾಯಿತು. ನಾಲ್ವರನ್ನು ಪರೀಕ್ಷಿಸಿದರು. ಮೂವರು ಉಸಿರು ಬಿಗಿಹಿಡಿದು, ಗಂಟಲು ಮುಚ್ಚಿ, ಎದೆ ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಬಿಗಿದರು. ಎದೆಯೊಳಗಿನ ಒತ್ತಡ ಏರಿತು, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಯಿತು. ಮಣಿಕಟ್ಟಿನಲ್ಲಿ ನಾಡಿ ಸಿಗಲಿಲ್ಲ, ಸ್ಟೆತಸ್ಕೋಪಿಗೆ ಸದ್ದೂ ಸರಿಯಾಗಿ ಕೇಳಲಿಲ್ಲ. ಇಸಿಜಿ ಕಾಗದದ ಮೇಲೆ ಮಾತ್ರ ಹೃದಯ ಬಡಿಯುತ್ತಲೇ ಇತ್ತು. ನಾಲ್ಕನೆಯವರು ಬೇರೆ ರೀತಿಯಲ್ಲಿ ಬಡಿತವನ್ನು ಬಹಳ ನಿಧಾನ ಮಾಡಿ ತೋರಿಸಿದರು, ನಿಲ್ಲಿಸಲಿಲ್ಲ. ಮಾವನವರು ಪೂರ್ತಿ ಸುಳ್ಳು ಹೇಳಿಲ್ಲ ಅನ್ನಿ. ನಾಡಿ ನಿಂತದ್ದನ್ನು ಯಾರೋ ನಿಜವಾಗಿ ಮುಟ್ಟಿ ನೋಡಿದ್ದಾರೆ, ಹೃದಯ ನಿಂತಿರಲಿಲ್ಲ ಅಷ್ಟೇ. ಮನೆಯಲ್ಲಿ ಯಾರೂ ಇದನ್ನು ಮಾಡಲು ಹೋಗಬೇಡಿ, ತಲೆ ತಿರುಗಿ ಬೀಳಬಹುದು.

ಆ ಮೂವರು ಏನು ಮಾಡಿದರು ನೋಡಿ. ಹೃದಯಕ್ಕೆ ನೇರ ಆಜ್ಞೆ ಕೊಡಲಿಲ್ಲ. ತಮ್ಮ ಮಾತು ಕೇಳುವ ಸ್ನಾಯುಗಳನ್ನು ಬಳಸಿ ಮಾತು ಕೇಳದ ಕಡೆಗೆ ಪಕ್ಕದ ಬಾಗಿಲಿನಿಂದ ಹೋದರು. ಅನೈಚ್ಛಿಕ ಸ್ನಾಯುಗಳು ಯಾರ ಮಾತೂ ಕೇಳುವುದಿಲ್ಲ ಎಂದಲ್ಲ. ಬೆಳಕಿನ ಮಾತು ಕೇಳುತ್ತವೆ, ಚಳಿಯ ಮಾತು, ರಕ್ತದ ಒತ್ತಡದ ಮಾತು, ತುತ್ತಿನ ಮಾತು ಕೇಳುತ್ತವೆ. "ನಿಲ್ಲು" ಎಂಬ ನಮ್ಮ ಆಜ್ಞೆಯನ್ನು ಮಾತ್ರ ಕೇಳುವುದಿಲ್ಲ. ಮಗಳು ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಲಿ. ಒಳಗೆ ಎಳೆದುಕೊಳ್ಳುವಾಗ ನಾಡಿ ಚೂರು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಅವಳ ವಯಸ್ಸಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು, ಕನ್ನಡಿಯ ಮುಂದೆ ನಿಂತು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕಣ್ಣಿನ ಪಾಪೆ ನೋಡುತ್ತಿರಲಿ. ಮುಚ್ಚಿದ ಕೈ ತೆಗೆದ ಕೂಡಲೇ ನೋಡುತ್ತಿದ್ದ ಪಾಪೆ ಕಿರಿದಾಗುತ್ತದೆ. ಬೆಳಕು ಬಿದ್ದದ್ದು ಆ ಕಣ್ಣಿಗೆ, ಕುಗ್ಗಿದ್ದು ಈ ಕಣ್ಣೂ!

ಈಗ ನಿಮ್ಮ ಹೊಟ್ಟೆ. ಕರುಳಿಗೆ ಸ್ವಂತ ನರಜಾಲ ಇದೆ, ಅದರಲ್ಲಿ ಹತ್ತು ಕೋಟಿಗೂ ಜಾಸ್ತಿ ನರಕೋಶಗಳು. 1899ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಲಂಡನ್ನಿನಲ್ಲಿ, ಹೊರಗಿನ ನರಗಳನ್ನೆಲ್ಲ ಕಡಿದ ಮೇಲೂ ಕರುಳು ತುತ್ತನ್ನು ಮುಂದೆ ನೂಕುವುದನ್ನು ತೋರಿಸಿದರು. ತುತ್ತಿನ ಹಿಂದೆ ಬಿಗಿಯುತ್ತದೆ, ಮುಂದೆ ಸಡಿಲವಾಗುತ್ತದೆ. ಹೊಟ್ಟೆ ಖಾಲಿ ಇದ್ದಾಗ ಬೇರೆಯೇ ಕೆಲಸ. ಸುಮಾರು ಒಂದೂವರೆ ಗಂಟೆಯಿಂದ ಎರಡು ಗಂಟೆಗೊಮ್ಮೆ ಜಠರದಿಂದ ಶುರುವಾಗಿ ಸಣ್ಣ ಕರುಳಿನ ಕೊನೆಯವರೆಗೆ ಬಲವಾದ ಅಲೆಗಳು ಸಾಗುತ್ತವೆ. ಪಂಕ್ತಿ ಮುಗಿದ ಮೇಲೆ ಎಲೆ ಎತ್ತಿ ನೆಲ ಸಾರಿಸುತ್ತಾರಲ್ಲ, ಹಾಗೆ. ಅಳಿದುಳಿದ ಚೂರು, ಬ್ಯಾಕ್ಟೀರಿಯಾ ಎಲ್ಲ ಮುಂದಕ್ಕೆ. ಒಳಗೆ ಅನ್ನ ಇಲ್ಲ, ಗಾಳಿ ಮತ್ತು ನೀರು ಮಾತ್ರ ಇರುವುದರಿಂದ ಸದ್ದು ಜೋರು. ಬೆಳಗ್ಗೆ ಎಂಟಕ್ಕೆ ತಿಂಡಿ ತಿಂದು ಹನ್ನೆರಡರ ಮೀಟಿಂಗಿಗೆ ಕೂತರೆ ಗುರ್ ಅನ್ನದೆ ಇನ್ನೇನು ಮಾಡೀತು. ಹೊಟ್ಟೆ ಬಿಗಿ ಹಿಡಿದರೂ ನಿಲ್ಲುವುದಿಲ್ಲ, ನೀವು ಬಿಗಿಯುವುದು ಹೊರಗಿನ ಗೋಡೆಯ ಸ್ನಾಯು.

ಆದರೆ ತುತ್ತಿನ ಮಾತನ್ನು ಅದು ಕೇಳುತ್ತದೆ. ಏನಾದರೂ ಒಳಗೆ ಬಿದ್ದ ಕೂಡಲೇ ಸಾರಿಸುವ ಕೆಲಸ ನಿಂತು, ಕಲಸುವ ಕೆಲಸ ಶುರುವಾಗುತ್ತದೆ. ಮೀಟಿಂಗಿಗೆ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣೋ ಎರಡು ಬಿಸ್ಕತ್ತೋ ತಿನ್ನಿ. ಸೋಡಾ ಬೇಡ, ಗಾಳಿ ಜಾಸ್ತಿಯಾಗುತ್ತದೆ. ಬರೀ ಕಾಫಿಯನ್ನೂ ನೆಚ್ಚಬೇಡಿ, ಕೆಲವರಿಗೆ ಅದು ಕರುಳನ್ನು ಇನ್ನೂ ಎಬ್ಬಿಸುತ್ತದೆ. ಸದ್ದಿನ ಜೊತೆಗೆ ನೋವು, ಭೇದಿ, ತೂಕ ಇಳಿಯುವುದು ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ. ಅದಿಲ್ಲದಿದ್ದರೆ, ಮುಂದಿನ ಸಲ ಗುರ್ ಅಂದಾಗ ನೀವೇ ಮೊದಲು ನಕ್ಕುಬಿಡಿ.